ಸ್ಪೂಲ್ ಟೇಪ್ ಅಂಟಿಸುವ ಬ್ಲಾಕನ್ನು ಊರಿನ ಲೇತ್ ಅಂಗಡಿಯಲ್ಲೇ ಮಾಡಿಸಬಹುದೇ?

ಮಾಡಿಸಬಹುದು, ಆದರೆ ಲೇತ್ ಒಂದೇ ಸಾಲದು. ಬ್ಲಾಕ್ ಎಂದರೆ ತುಂಡಾದ ಸುರುಳಿ ಟೇಪಿನ ತುದಿಗಳನ್ನು ಗಾಡಿಯೊಳಗೆ ಕೂರಿಸಿ, ಕತ್ತರಿಸಿ ಜೋಡಿಸುವ ಲೋಹದ ತುಂಡು. ಲೋಹದಲ್ಲಿ ನೇರ ಗಾಡಿ ಕೊರೆಯುವ ಮಿಲ್ಲಿಂಗ್ ಯಂತ್ರವಿರುವ ಅಂಗಡಿ ಹುಡುಕಿ. ನಾನು ಬಳ್ಳಾರಿಯಲ್ಲಿ ನನ್ನಂಥ ಕೆಲವು ಟೇಪ್ ಹುಚ್ಚರಿಗೆ ಇಂಥ ಸಾಮಾನು ಮಾಡಿಕೊಡುತ್ತೇನೆ. ನಿಮ್ಮ ತಂದೆಯವರು ಮುದ್ರಿಸಿಟ್ಟ ಬಯಲಾಟದ ಟೇಪ್ ಮೂರು ಕಡೆ ತುಂಡಾಗಿದೆ ಎಂದಿದ್ದೀರಿ, ಹಾಗಾಗಿ ತುಸು ವಿವರವಾಗಿಯೇ ಹೇಳುತ್ತೇನೆ.

ಬ್ಲಾಕಿಗೆ ಕಬ್ಬಿಣ ಬೇಡ. ಅದಕ್ಕೆ ಅಯಸ್ಕಾಂತದ ಗುಣ ಹತ್ತಿದರೆ ಟೇಪಿನ ಧ್ವನಿ ಕೆಡುತ್ತದೆ. ಅಲ್ಯೂಮಿನಿಯಂ ಅಥವಾ ಹಿತ್ತಾಳೆಯ ತುಂಡು ಸಾಕು. ಟೇಪಿನ ಅಗಲ ಕಾಲು ಅಂಗುಲ, ಅಂದರೆ 6.35 ಮಿ.ಮೀ. ಗ್ರೂವ್, ಅಂದರೆ ಟೇಪ್ ಕೂರುವ ಗಾಡಿ, ಅದಕ್ಕೆ ಸರಿಯಾಗಿ ಹೊಂದಬೇಕು. ನನ್ನ ಮೊದಲ ಬ್ಲಾಕಿನಲ್ಲಿ ‘ಸ್ವಲ್ಪ ಸಡಿಲವಿರಲಿ’ ಎಂದು 6.5 ಮಾಡಿಸಿದೆ, ಟೇಪ್ ಒಳಗೇ ಅತ್ತಿತ್ತ ಸರಿದು ಪ್ರತಿ ಜೋಡಣೆಯೂ ಸೊಟ್ಟಗಾಯಿತು. ಅದೀಗ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ.

ಬ್ಲೇಡ್ ಇಳಿಯುವ ಸೀಳು 45 ಡಿಗ್ರಿ ಓರೆಯಿರಲಿ. ನೇರವಾಗಿ ಕತ್ತರಿಸಿದರೆ ಜೋಡಣೆ ಧ್ವನಿ ಓದುವ ಹೆಡ್ಡನ್ನು ಒಮ್ಮೆಗೇ ದಾಟಿ ‘ಟಕ್’ ಎನ್ನುತ್ತದೆ. ಓರೆಯಾಗಿದ್ದರೆ, ಸೆಕೆಂಡಿಗೆ 9.5 ಸೆಂ.ಮೀ. ಓಡುವ ಟೇಪಿನಲ್ಲಿ ಅದು ಪೂರ್ತಿ ಅಗಲ ದಾಟಲು ಸೆಕೆಂಡಿನ ಹದಿನೈದನೇ ಒಂದು ಭಾಗ ಹಿಡಿಯುತ್ತದೆ, ಕಿವಿಗೆ ಗೊತ್ತಾಗುವುದಿಲ್ಲ. ಎರಡೂ ತುದಿಗಳನ್ನು ಒಂದರ ಮೇಲೊಂದು ಇಟ್ಟು ಒಂದೇ ಏಟಿಗೆ ಕತ್ತರಿಸಿ.

ಅಂಟಿಸಲು ಮಾಮೂಲಿ ಸೆಲ್ಲೋಟೇಪ್ ಮಾತ್ರ ಬೇಡ. ನಮ್ಮ ಬೇಸಿಗೆಗೆ ಅದರ ಅಂಟು ಹೊರಗೆ ಹರಿದು ಮೇಲಿನ ಸುತ್ತಿಗೂ ಹಿಡಿಯುತ್ತದೆ. ಇದಕ್ಕೆಂದೇ ಸಿಗುವ ಸ್ಪ್ಲೈಸಿಂಗ್ ಟೇಪನ್ನು ತರಿಸಿಕೊಳ್ಳಿ. ಅದರ ಅಗಲ 5.5 ಮಿ.ಮೀ. ಆಸುಪಾಸು, ಅಂಚಿನಿಂದ ಆಚೆ ಚಾಚುವುದಿಲ್ಲ. ಅಂಟಿಸುವುದು ಹೆಡ್ಡಿಗೆ ತಾಗದ ಬೆನ್ನಿನ ಮೇಲೆ.

ಧೂಳಿನ ಮಾತು ಬಂದರೆ ನನಗೆ ನಗು ಬರುತ್ತದೆ. ಹಳೆಯ ಟೇಪಿನ ಕಂದು ಲೇಪನವೂ ಕಬ್ಬಿಣದ ಆಕ್ಸೈಡ್, ಸಂಡೂರಿನ ಗುಡ್ಡದ ಹೆಮಟೈಟ್ ಅದಿರೂ ಅದೇ. ಹರಳಿನ ಜೋಡಣೆ ಮಾತ್ರ ಬೇರೆ. ಆದರೂ ಆ ಕೆಂಧೂಳು ಟೇಪಿನ ಮೇಲೆ ಕುಳಿತರೆ ಗೀರುವುದು ಖಂಡಿತ. ಟೇಪ್ ನುಡಿಸುವ ಯಂತ್ರಕ್ಕೆ ಹೊದಿಕೆ ಹೊಲಿಸುವುದಾದರೆ ಇಲ್ಲಿ ಧಾರಾಳವಾಗಿ ಸಿಗುವ ಜೀನ್ಸ್ ಬಟ್ಟೆಯ ಆಸೆಗೆ ಬೀಳಬೇಡಿ. ಅದರ ನೂಲಿನ ಎಳೆಗಳೇ ಹೆಡ್ಡಿಗೆ ಸುತ್ತಿಕೊಂಡು ನಾನು ಒಂದು ಭಾನುವಾರ ಕಳೆದುಕೊಂಡಿದ್ದೇನೆ.

ಮೊದಲು ಬೇಡದ ಟೇಪಿನ ಮೇಲೆ ಕೈ ಪಳಗಿಸಿ. ತುಂಡಾದ ತುದಿ ಹಿಗ್ಗಿದ್ದರೆ ಅಷ್ಟನ್ನೇ ತೆಗೆಯಿರಿ, ಒಂದು ಸೆಂ.ಮೀ. ಹೋದರೆ ಭಾಗವತರ ಪದದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಹೋದಂತೆ.