ಅಷ್ಟು ವೇಗವಾಗಿ ಮಾತನಾಡಿದರೆ ತೀರ್ಪುಗಾರರಿಗೆ ಅರ್ಥವಾಗುತ್ತದೆಯೇ?

ನಿಮ್ಮ ಅಣ್ಣನ ಮಗಳು ಅಮೆರಿಕದ ನ್ಯಾಷನಲ್ ಡಿಬೇಟ್ ಟೂರ್ನಮೆಂಟಿನಲ್ಲಿ ಮಾತನಾಡಿದ ವಿಡಿಯೊ ನೋಡಿ ‘ಇದು ಚರ್ಚೆಯೋ, ಹರಾಜೋ’ ಎಂದು ಕೇಳಿದ್ದೀರಿ. ಮೊದಲ ಸಲ ನನಗೂ ಹಾಗೆಯೇ ಅನಿಸಿತ್ತು. ಉಸಿರೆಳೆದುಕೊಳ್ಳುವ ಸದ್ದೊಂದೇ ಸ್ಪಷ್ಟವಾಗಿ ಕೇಳಿಸಿದ್ದು!

ಎಲ್ಲವೂ ಸಮಯದ ಲೆಕ್ಕ. ವಾದ ಮಂಡನೆಗೆ 9 ನಿಮಿಷ, ಖಂಡನೆಗೆ 6 ನಿಮಿಷ. ಎದುರಾಳಿಯ ವಾದಕ್ಕೆ ಉತ್ತರಿಸದೆ ಬಿಟ್ಟರೆ ಅದನ್ನು ಒಪ್ಪಿಕೊಂಡಂತೆಯೇ. ಹಾಗಾಗಿ ಒಬ್ಬರು ವಾದಗಳನ್ನು ತುರುಕುತ್ತಾರೆ, ಇನ್ನೊಬ್ಬರು ಅಷ್ಟಕ್ಕೂ ಉತ್ತರಿಸಲು ಓಡುತ್ತಾರೆ. ತೀರ್ಪುಗಾರರಲ್ಲಿ ಬಹುಪಾಲು ಜನ ಮಾಜಿ ಸ್ಪರ್ಧಿಗಳು, ತರಬೇತುದಾರರು. ಅವರ ಕಿವಿ ಪಳಗಿರುತ್ತದೆ. ಒಂದೊಂದು ಭಾಷಣಕ್ಕೂ ಒಂದೊಂದು ಅಂಕಣ ಎಳೆದು, ವಾದದ ಪಕ್ಕದಲ್ಲೇ ಅದರ ಉತ್ತರವನ್ನು ಚುಟುಕಾಗಿ ಗೀಚಿಕೊಳ್ಳುತ್ತಾರೆ. ಇದಕ್ಕೆ ‘ಫ್ಲೋ’ ಎಂದು ಹೆಸರು. ಪಕ್ಕದ ಜಾಗ ಖಾಲಿ ಉಳಿಯಿತೋ, ಪಂದ್ಯ ಅಲ್ಲಿಯೇ ಕೈಜಾರಬಹುದು.

ವೇಗವೇ ಸರ್ವಸ್ವವಲ್ಲ ಎನ್ನಿ. 2013ರಲ್ಲಿ ಕಾನ್ಸಾಸ್‌ನ ಎಂಪೋರಿಯಾ ಸ್ಟೇಟ್ ವಿಶ್ವವಿದ್ಯಾಲಯದ ಜೋಡಿ ತಮ್ಮ ಬದುಕಿನ ಅನುಭವವನ್ನೇ ವಾದವಾಗಿಸಿ ಈ ಪಂದ್ಯಾವಳಿಯನ್ನು ಗೆದ್ದಿತು. ನನಗೆ ಇಷ್ಟವಾಗುವುದು ಅಂಥ ಮಾತೇ.

ಮುಂದಿನ ಸಲ ಅವಳ ಫ್ಲೋ ಹಾಳೆಯನ್ನು ಎದುರಿಗಿಟ್ಟುಕೊಂಡು ವಿಡಿಯೊ ನೋಡಿ. ಕೊನೆಯ ಎರಡು ಭಾಷಣಗಳಿಂದ ಶುರುಮಾಡಿ. ಅಲ್ಲಿ ವೇಗ ಸ್ವಲ್ಪ ತಗ್ಗಿರುತ್ತದೆ.