ಹಳೇ ಮೋಟಾರ್‌ಹೋಮ್, ಮೈನಸ್ ಚಳಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಹೊರದೇಶದಲ್ಲಿರುವ ಓದುಗರ ಪ್ರಶ್ನೆಗಳೇ ಜಾಸ್ತಿ ಬಂದಿವೆ. ಎಲ್ಲವೂ ಹಳೇ ಮನೆಗಾಡಿಗಳ ಬಗ್ಗೆ, ಅದೂ ಹಿಮ ಬೀಳುವ ಊರುಗಳ ಚಳಿಯ ಬಗ್ಗೆ. ಹಳೇ ಗಾಡಿ ಮೇಲೆ ಪ್ರೀತಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ಬೇಸಿಗೆ ರಜೆಯ ಓಡಾಟಕ್ಕೆ ಅಂತ ಕಟ್ಟಿದವು ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಪ್ರಶ್ನೆ: ನಾವು ಗಂಡ ಹೆಂಡತಿ ಡೆಟ್ರಾಯಿಟ್ ಹತ್ತಿರ ಇದ್ದೇವೆ. ಕಳೆದ ಬೇಸಿಗೆಯಲ್ಲಿ 1976ರ ಜಿಎಂಸಿ ಮೋಟಾರ್‌ಹೋಮ್ ತಗೊಂಡೆವು, 26 ಅಡಿಯದ್ದು. ಜನವರಿಯಲ್ಲಿ ಇದರಲ್ಲೇ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಆಸೆ. ಈಗ ಪರೀಕ್ಷೆಗೆ ಅಂತ ಮನೆ ಮುಂದೆಯೇ ಒಂದು ರಾತ್ರಿ ಮಲಗಿದರೆ, ಫರ್ನೇಸ್ (ಒಳಗೆ ಬಿಸಿಗಾಳಿ ಕೊಡುವ ಗ್ಯಾಸ್ ಹೀಟರ್) ಬೆಳಗಿನ ಜಾವ ತಾನಾಗಿಯೇ ನಿಂತುಹೋಯಿತು. ಗ್ಯಾಸ್ ಇತ್ತು. ಏನು ಕಾರಣ? — ಮಿಷಿಗನ್ ಓದುಗರು

ಉತ್ತರ: ಗ್ಯಾಸ್ ಇದ್ದರೆ ಸಾಲದು. ಫರ್ನೇಸ್ ಒಳಗೆ ಬಿಸಿಗಾಳಿ ತಳ್ಳುವ ಫ್ಯಾನ್ ಇದೆಯಲ್ಲ, ಅದು ಓಡುವುದು 12 ವೋಲ್ಟ್ ಬ್ಯಾಟರಿಯಿಂದ. ವೋಲ್ಟೇಜ್ ಇಳಿದರೆ ಫ್ಯಾನ್ ವೇಗ ಇಳಿಯುತ್ತದೆ, ಗಾಳಿ ಸಾಲದೆ ಒಳಗಿನ ಸ್ವಿಚ್ ಗ್ಯಾಸನ್ನೂ ನಿಲ್ಲಿಸುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಅದೇ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ದೊಡ್ಡ ಫರ್ನೇಸ್‌ನ ಫ್ಯಾನ್ ಸುಮಾರು 7 ಆಂಪಿಯರ್ ಎಳೆಯುತ್ತದೆ. ಹನ್ನೆರಡು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 42 ಆಂಪಿಯರ್-ಅವರ್ ಹೋಯಿತು. ನಿಮ್ಮ ಲೆಡ್ ಆಸಿಡ್ ಬ್ಯಾಟರಿ ಮೇಲೆ 100 ಅಂತ ಬರೆದಿದ್ದರೂ ಮೈನಸ್ 18 ಡಿಗ್ರಿಯಲ್ಲಿ ಅದರಿಂದ ಸಿಗುವುದು 60ರ ಆಸುಪಾಸು, ಅದರಲ್ಲೂ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿಯ ಆಯಸ್ಸು ಕಮ್ಮಿ. ಇನ್ನೊಂದು ಅಪಾಯವೂ ಇದೆ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಮೈನಸ್ ಐವತ್ತರ ಚಳಿಯಲ್ಲೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು ಮೈನಸ್ ಹತ್ತರ ಹತ್ತಿರವೇ ಹೆಪ್ಪುಗಟ್ಟಿ ಒಡೆಯಬಹುದು. ಲಿಥಿಯಂ ಹಾಕಿಬಿಡೋಣ ಅಂತೀರಾ? ಹಾಕಿ, ಆದರೆ ಸೊನ್ನೆಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಮಾಡಿದರೆ ಒಳಗೇ ಹಾಳಾಗುತ್ತದೆ. ಹಾಗಾಗಿ ಬಿಸಿಯಿರುವ ಜಾಗದಲ್ಲಿ, ಅಂದರೆ ಗಾಡಿಯ ಒಳಗೇ ಇಡಬೇಕು. ಎಲ್ಲಕ್ಕಿಂತ ಸುಲಭದ ದಾರಿ ಕರೆಂಟ್ ಸಿಗುವ ಕ್ಯಾಂಪ್‌ಗ್ರೌಂಡ್‌ನಲ್ಲೇ ರಾತ್ರಿ ನಿಲ್ಲಿಸುವುದು. 1500 ವ್ಯಾಟ್‌ನ ಹೀಟರ್ ಒಂದು 120 ವೋಲ್ಟ್‌ನಲ್ಲಿ ಹನ್ನೆರಡೂವರೆ ಆಂಪಿಯರ್ ಎಳೆಯುತ್ತದೆ, ಒಂದು ಹಾಕಿಕೊಳ್ಳಿ. ಎರಡು ಹಾಕುವ ಮೊದಲು ಗಾಡಿಯ ಹಳೇ ಪ್ಲಗ್ಗು, ವೈರು ಕೈಯಿಂದ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಬೇಡ.

ಗ್ಯಾಸ್ ಲೆಕ್ಕವೂ ಹೇಳಿಬಿಡುತ್ತೇನೆ. 30,000 ಬಿಟಿಯು (ಗಂಟೆಗೆ ಕೊಡುವ ಶಾಖದ ಅಳತೆ) ಫರ್ನೇಸ್ ಪೂರ್ತಿ ಉರಿದರೆ ಗಂಟೆಗೆ ಅರ್ಧ ಕೆಜಿಗಿಂತ ಜಾಸ್ತಿ ಪ್ರೊಪೇನ್ ಬೇಕು. ಒಂಬತ್ತು ಕೆಜಿಯ ಸಿಲಿಂಡರ್ ಎರಡು ಮೂರು ರಾತ್ರಿಗೆ ಮುಗಿದುಹೋಗುತ್ತದೆ.

ನಿಮ್ಮ ಗಾಡಿಯ ಬಗ್ಗೆ ಎರಡು ಮಾತು. ಜಿಎಂಸಿ ಇದನ್ನು ಮಾಡಿದ್ದು 1973ರಿಂದ 1978ರವರೆಗೆ ಮಾತ್ರ, ನಿಮ್ಮ ಪಕ್ಕದ ಪಾಂಟಿಯಾಕ್ ಊರಿನಲ್ಲೇ. ಎಂಜಿನ್ ಮುಂದೆ, ಎಳೆಯುವ ಚಕ್ರವೂ ಮುಂದೆ, ಹಿಂದಕ್ಕೆ ಹೋಗುವ ಡ್ರೈವ್ ಶಾಫ್ಟ್ ಇಲ್ಲ. ಅದಕ್ಕೇ ನೆಲ ಅಷ್ಟು ತಗ್ಗು. ಗೋಡೆಯಲ್ಲಿ ಫೋಮ್ ತುಂಬಿದ್ದಾರೆ, ಆ ಕಾಲಕ್ಕೆ ಒಳ್ಳೇ ಕೆಲಸ. ಆದರೆ ಆ ದೊಡ್ಡ ದೊಡ್ಡ ಗಾಜುಗಳಿವೆಯಲ್ಲ, ನೋಡೋಕೆ ಚೆಂದ, ಬಿಸಿಯೆಲ್ಲಾ ಹೋಗುವುದೂ ಅಲ್ಲಿಂದಲೇ. ರಾತ್ರಿ ಮುಂದಿನ ಡ್ರೈವರ್ ಭಾಗಕ್ಕೆ ದಪ್ಪ ಪರದೆ ಹಾಕಿ ಬೇರೆ ಮಾಡಿ, ಉಳಿದ ಗಾಜಿಗೆ ಒಳಗಿನಿಂದ ಫಾಯಿಲ್ ಇರುವ ಹಾಳೆ ಕತ್ತರಿಸಿ ಸಿಕ್ಕಿಸಿ. ಮೈ ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸ್, ಹಾಗಾಗಿ ತುಕ್ಕಿನ ಚಿಂತೆ ಇಲ್ಲ ಅಂತ ಮಾರಿದವರು ಹೇಳಿರುತ್ತಾರೆ. ಕೆಳಗಿನ ಫ್ರೇಮ್ ಉಕ್ಕಿನದ್ದು ಸ್ವಾಮಿ! ರಸ್ತೆಗೆ ಸುರಿಯುವ ಉಪ್ಪು ಅದನ್ನು ತಿನ್ನುತ್ತದೆ. ನಿಮ್ಮ ಡೆಟ್ರಾಯಿಟ್‌ನಲ್ಲಂತೂ ನೆಲದಡಿಯಲ್ಲೇ ಉಪ್ಪಿನ ಗಣಿ ಇದೆ, ಕೊರತೆಯ ಮಾತೇ ಇಲ್ಲ. ವಾಪಸ್ ಬಂದ ಮೇಲೆ, ಸೊನ್ನೆಗಿಂತ ಮೇಲಿರುವ ದಿನ ನೋಡಿ, ಕೆಳಭಾಗವನ್ನು ಚೆನ್ನಾಗಿ ತೊಳೆಸಿ.

ಸ್ಟಾರ್ಟ್ ಮಾಡುವ ವಿಷಯ. ಇದು ಕಾರ್ಬುರೇಟರ್ ಗಾಡಿ. ಈಗಿನ ಕಾರಿನ ಹಾಗೆ ಕೀ ತಿರುಗಿಸಿ ಕಾಯುತ್ತಾ ಕೂತರೆ ಚಳಿಯಲ್ಲಿ ಹತ್ತುವುದಿಲ್ಲ. ಮೊದಲು ಆಕ್ಸಿಲರೇಟರ್ ಪೆಡಲ್ ಒಮ್ಮೆ ಪೂರ್ತಿ ಒತ್ತಿ ಬಿಡಿ, ಆಗಲೇ ಚೋಕ್ ಮುಚ್ಚಿಕೊಳ್ಳುವುದು. ಆಮೇಲೆ ಕೀ. ಕರೆಂಟ್ ಇದ್ದರೆ ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಎಂಜಿನ್ ಬೆಚ್ಚಗಾಗಿಸುವ ಬ್ಲಾಕ್ ಹೀಟರ್ ಹಾಕಿಡಿ. ಕೂಲಂಟ್‌ನಲ್ಲಿ ಅರ್ಧಕ್ಕರ್ಧ ನೀರು ಇದ್ದರೆ ಮೈನಸ್ 37ರವರೆಗೆ ತಡೆಯುತ್ತದೆ. ಹಿಂದಿನ ಮಾಲೀಕರು ಬರೀ ನೀರು ತುಂಬಿರುವುದೂ ಉಂಟು, ಪರೀಕ್ಷಿಸಿ.

ಇನ್ನು ಯೆಲ್ಲೋಸ್ಟೋನ್. ಜನವರಿಯಲ್ಲಿ ಒಳಗಿನ ರಸ್ತೆಗಳು ಇಂಥ ಗಾಡಿಗಳಿಗೆ ಮುಚ್ಚಿರುತ್ತವೆ. ಉತ್ತರದ ಬಾಗಿಲು ಗಾರ್ಡಿನರ್‌ನಿಂದ ಮ್ಯಾಮತ್ ಮೇಲೆ ಕುಕ್ ಸಿಟಿವರೆಗಿನ ರಸ್ತೆ ಒಂದೇ ವರ್ಷವಿಡೀ ತೆರೆದಿರುವುದು, ಚಳಿಗಾಲದಲ್ಲಿ ಅದೂ ಅಲ್ಲಿಗೇ ಕೊನೆ, ಬಂದ ದಾರಿಯಲ್ಲೇ ವಾಪಸ್. ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆ ನೋಡಬೇಕಾದರೆ ಹಿಮದ ಮೇಲೆ ಓಡುವ ಗಾಡಿಯಲ್ಲೇ ಹೋಗಬೇಕು. ನನ್ನನ್ನು ಕೇಳಿದರೆ ಮೊದಲ ಚಳಿಗಾಲಕ್ಕೆ ಅಷ್ಟು ದೂರ ಬೇಡ. ಮನೆ ಹತ್ತಿರವೇ ಎರಡು ಮೂರು ರಾತ್ರಿ ಕಳೆಯಿರಿ. ಉತ್ತರಕ್ಕೆ ಮ್ಯಾಕಿನಾಕ್ ಸೇತುವೆ ದಾಟುವ ಯೋಚನೆ ಇದ್ದರೆ ಗಾಳಿಯ ಸುದ್ದಿ ನೋಡಿಕೊಂಡು ಹೊರಡಿ. ಗಾಳಿ ಜೋರಾದರೆ ಮೋಟಾರ್‌ಹೋಮ್‌ನಂಥ ಎತ್ತರದ ಗಾಡಿಗಳನ್ನು ಬೆಂಗಾವಲಿನಲ್ಲಿ ನಿಧಾನವಾಗಿ ದಾಟಿಸುತ್ತಾರೆ, ಇನ್ನೂ ಜೋರಾದರೆ ಬಿಡುವುದೇ ಇಲ್ಲ.

ಪ್ರಶ್ನೆ: ನಾವು ಶಿವಮೊಗ್ಗದವರು. ಮಗ ಅಮೆರಿಕದಲ್ಲಿ ಹಳೇ ಮೋಟಾರ್‌ಹೋಮ್ ಇಟ್ಟುಕೊಂಡಿದ್ದಾನೆ. ಡಿಸೆಂಬರ್‌ನಲ್ಲಿ ನಾವು ಹೋದಾಗ ಅದರಲ್ಲೇ ಒಂದು ವಾರ ಸುತ್ತಿಸುತ್ತಾನಂತೆ. ಒಳಗೆ ಗ್ಯಾಸ್ ಒಲೆ ಇದೆ. ನಮಗೆ ಹೊರಗಿನ ಊಟ ಆಗಿಬರುವುದಿಲ್ಲ. ಅನ್ನ ಸಾರು ಮಾಡಿಕೊಳ್ಳಬಹುದಾ? ತುಂಬಾ ಚಳಿ ಆದರೆ ಒಲೆ ಹಚ್ಚಿಟ್ಟುಕೊಂಡು ಬೆಚ್ಚಗಿರಬಹುದಾ? — ಶಿವಮೊಗ್ಗ ಓದುಗರು

ಉತ್ತರ: ಅಮ್ಮಾ, ಅಡುಗೆ ಧಾರಾಳವಾಗಿ ಮಾಡಿ. ಚಳಿ ಕಾಯಿಸೋಕೆ ಮಾತ್ರ ಒಲೆ ಹಚ್ಚಲೇಬೇಡಿ, ಮಗ ಪರವಾಗಿಲ್ಲ ಅಂದರೂ ಬೇಡ.

ಎರಡು ಕಾರಣ. ಮೊದಲನೆಯದು ಜೀವದ ಪ್ರಶ್ನೆ. ಮುಚ್ಚಿದ ಸಣ್ಣ ಜಾಗದಲ್ಲಿ ಒಲೆ ಉರಿಯುತ್ತಾ ಹೋದರೆ ಗಾಳಿಯಲ್ಲಿನ ಆಮ್ಲಜನಕ ಕಮ್ಮಿಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ನಿದ್ದೆಯ ಮಂಪರು, ಆಮೇಲೆ ಎಚ್ಚರವೇ ಆಗದಿರಬಹುದು. ಮಗನಿಗೆ ಹೇಳಿ, ಇದರ ಅಲಾರಂ ಮಲಗುವ ಜಾಗದ ಹತ್ತಿರ ಇರಲೇಬೇಕು, ಹಿಂದೆ ಬರೆದಿರುವ ತಾರೀಖು ಮುಗಿದಿದ್ದರೆ ಹೊಸದು ತರಲಿ. ಎಪ್ಪತ್ತರ ದಶಕದ ಗಾಡಿಗಳಿಗೆ ಕಂಪನಿಯಿಂದ ಇದು ಬರುತ್ತಿರಲಿಲ್ಲ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಅದು ನೆಲದ ಹತ್ತಿರ ಇರಬೇಕು, ಪ್ರೊಪೇನ್ ಗಾಳಿಗಿಂತ ಭಾರ. ಹಾಗೇ ಫರ್ನೇಸನ್ನು ಒಮ್ಮೆ ಬಿಚ್ಚಿ ತೋರಿಸಲಿ. ಅದರ ಉರಿ ಒಂದು ತಗಡಿನ ಪೆಟ್ಟಿಗೆಯೊಳಗೆ ಇರುತ್ತದೆ, ಹೊಗೆ ಹೊರಗೆ ಹೋಗುತ್ತದೆ, ನಮಗೆ ಬರುವುದು ಪೆಟ್ಟಿಗೆಯ ಹೊರಮೈ ಸವರಿದ ಗಾಳಿ. ವರ್ಷಗಳಾದಂತೆ ಆ ತಗಡು ಬಿರುಕು ಬಿಟ್ಟರೆ ಹೊಗೆ ಒಳಗೇ ಬರುತ್ತದೆ. ಹಿಮ ಬಿದ್ದ ರಾತ್ರಿ ಫರ್ನೇಸ್‌ನ ಹೊಗೆ ಕಂಡಿ, ಜನರೇಟರ್‌ನ ಸೈಲೆನ್ಸರ್ ಮುಚ್ಚಿಹೋಗಿದೆಯಾ ಅಂತ ಹೊರಗೆ ಹೋಗಿ ನೋಡುವುದೂ ಅವನದೇ ಕೆಲಸ.

ಎರಡನೆಯದು ತೇವ. ಒಂದು ಕೆಜಿ ಪ್ರೊಪೇನ್ ಉರಿದರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಹೊರಬರುತ್ತದೆ. ಫರ್ನೇಸ್‌ನದ್ದು ಹೊರಗೆ ಹೋಗುತ್ತದೆ, ಒಲೆಯದ್ದು ನಿಮ್ಮ ಜೊತೆಗೇ ಉಳಿಯುತ್ತದೆ. ಅದರ ಮೇಲೆ ಕುಕ್ಕರ್ ಸೀಟಿ, ಸಾರಿನ ಕುದಿ, ಮಲಗಿದವರ ಉಸಿರು. ಎಲ್ಲಾ ಹೋಗಿ ತಣ್ಣಗಿನ ಗಾಜಿಗೆ ತಗುಲಿ ಸುರಿಯುತ್ತದೆ, ಹಾಸಿಗೆಯ ಕೆಳಗೆ ಒದ್ದೆಯಾಗುತ್ತದೆ, ಮರ ಕೊಳೆಯುತ್ತದೆ. ಅದಕ್ಕೇ ಅಡುಗೆ ಮಾಡುವಾಗ ಚಾವಣಿಯ ಗಾಳಿಕಂಡಿ ತೆಗೆದು ಒಂದು ಕಿಟಕಿಯನ್ನೂ ಎರಡು ಬೆರಳು ಸರಿಸಿಡಿ. ರಾತ್ರಿಯೂ ಪೂರ್ತಿ ಮುಚ್ಚಬೇಡಿ. ಚಳಿಗೆ ಕಿಟಕಿ ತೆಗೆಯೋದಾ ಅಂತ ನಗಬೇಡಿ, ಒದ್ದೆ ಹಾಸಿಗೆಗಿಂತ ಒಣ ಹಾಸಿಗೆಯಲ್ಲಿ ಮೈ ಬೆಚ್ಚಗಿರುತ್ತದೆ. ಅನ್ನ ಬೇಯಿಸುವುದಕ್ಕಿಂತ ಮನೆಯಿಂದಲೇ ಚಟ್ನಿಪುಡಿ, ಅವಲಕ್ಕಿ, ಹುರಿದ ರವೆ ಒಯ್ದರೆ ಕೆಲಸವೂ ಕಮ್ಮಿ, ಆವಿಯೂ ಕಮ್ಮಿ. ಒಗ್ಗರಣೆಗೆ ನನ್ನ ಅಭ್ಯಂತರ ಇಲ್ಲ.

ಪ್ರಶ್ನೆ: ಚಳಿಯಲ್ಲಿ ಓಡಾಡುವಾಗ ನೀರಿನ ಪೈಪು ಒಡೆಯದ ಹಾಗೆ ಏನು ಮಾಡಬೇಕು? ಟ್ಯಾಂಕಿಗೆ ಹೀಟರ್ ಪ್ಯಾಡ್ ಅಂಟಿಸಿದರೆ ಸಾಕಾ? — ಮಿನ್ನೆಸೋಟ ಓದುಗರು

ಉತ್ತರ: ಮಿನ್ನೆಸೋಟದ ಜನವರಿಗೆ ಸಾಲದು. ಪ್ಯಾಡ್ ಟ್ಯಾಂಕನ್ನು ಉಳಿಸಬಹುದು, ನೆಲದಡಿ ಹೋಗುವ ಪೈಪು, ಹೊರಗೆ ನೇತಾಡುವ ಕೊಳೆನೀರಿನ ವಾಲ್ವ್ ಇವನ್ನು ಯಾರು ಕಾಯುತ್ತಾರೆ? ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಪೈಪು ಒಡೆದದ್ದು ಗೊತ್ತಾಗುವುದು ಕರಗಿದ ಮೇಲೆ.

ನನ್ನ ಸಲಹೆ ಒಂದೇ, ಹಳೇ ಗಾಡಿಯಲ್ಲಿ ಚಳಿಗಾಲ ಪೂರ್ತಿ ನೀರಿನ ವ್ಯವಸ್ಥೆಯನ್ನು ಖಾಲಿ ಇಡಿ, ಖಾಲಿ ಇಟ್ಟೇ ಓಡಾಡಿ. ಟ್ಯಾಂಕು, ಗೀಸರಿನ ನೀರೆಲ್ಲಾ ಇಳಿಸಿ, ಗೀಸರನ್ನು ಬೈಪಾಸ್ ಮಾಡಿ, ಪಂಪಿನಿಂದ ಗುಲಾಬಿ ಬಣ್ಣದ ಆಂಟಿಫ್ರೀಜ್ ಎಳೆಸಿ ಒಂದೊಂದೇ ನಲ್ಲಿಯಲ್ಲಿ ಗುಲಾಬಿ ಬರುವವರೆಗೆ ಬಿಡಿ, ಸಿಂಕ್‌ನ ಕೆಳಗಿನ ಬಾಗಿದ ಪೈಪಿಗೂ ಒಂದು ಲೋಟ ಸುರಿಯಿರಿ. ಪ್ರೊಪಿಲೀನ್ ಗ್ಲೈಕಾಲ್ ಇರುವ, ಮನೆಗಾಡಿಗಳಿಗೆಂದೇ ಮಾಡಿದ ಆರ್‌ವಿ ಆಂಟಿಫ್ರೀಜೇ ಆಗಬೇಕು. ಕಾರಿನ ರೇಡಿಯೇಟರ್‌ನದ್ದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ಅದು ವಿಷ. ಕುಡಿಯೋಕೆ, ತೊಳೆಯೋಕೆ ಕ್ಯಾನ್‌ನಲ್ಲಿ ನೀರು ಒಯ್ದು ಬೆಚ್ಚಗಿರುವ ಕಡೆ ಇಡಿ. ಕಕ್ಕಸಿಗೂ ನೀರಿನ ಬದಲು ಅದೇ ಗುಲಾಬಿ ದ್ರವ. ಸ್ನಾನ? ಕ್ಯಾಂಪ್‌ಗ್ರೌಂಡ್‌ನಲ್ಲಿ ಸಿಕ್ಕರೆ ಸಿಕ್ಕಿತು. ಚಳಿಗಾಲದಲ್ಲಿ ಅವರೂ ನೀರು ನಿಲ್ಲಿಸಿರುತ್ತಾರೆ, ಮೊದಲೇ ಫೋನ್ ಮಾಡಿ ಕೇಳಿ.

ಪ್ರಶ್ನೆ: ಜರ್ಮನಿಯಲ್ಲಿದ್ದೇನೆ. 1986ರ ಫೋಕ್ಸ್‌ವ್ಯಾಗನ್ ಟಿ3 ವೆಸ್ಟ್‌ಫಾಲಿಯಾ ವ್ಯಾನ್. ಆಲ್ಪ್ಸ್ ಕಡೆ ಹೋದಾಗ ಸಣ್ಣ ಸಿಲಿಂಡರ್‌ನಲ್ಲಿ ಗ್ಯಾಸ್ ಇದ್ದರೂ ಒಲೆ ಹತ್ತುವುದಿಲ್ಲ. — ಮ್ಯೂನಿಕ್ ಓದುಗರು

ಉತ್ತರ: ಅದರಲ್ಲಿ ಬ್ಯೂಟೇನ್ ಜಾಸ್ತಿ ಇರಬೇಕು. ಬ್ಯೂಟೇನ್ ಸೊನ್ನೆಯ ಹತ್ತಿರವೇ ಆವಿಯಾಗುವುದು ನಿಲ್ಲಿಸುತ್ತದೆ, ಸಿಲಿಂಡರ್‌ನಲ್ಲಿ ದ್ರವವಾಗಿ ಕೂತುಬಿಡುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಚಳಿಗಾಲಕ್ಕೆ ಪ್ರೊಪೇನ್ ತುಂಬಿಸಿ. ಸಿಲಿಂಡರನ್ನು ಬೆಂಕಿಯಿಂದ ಬಿಸಿ ಮಾಡುವ ಸಾಹಸ ಬೇಡ. ಮೇಲಕ್ಕೆ ಏಳುವ ಚಾವಣಿಯ ಸುತ್ತಲಿನ ಗೋಡೆ ಬಟ್ಟೆಯದ್ದಲ್ವಾ, ಅದನ್ನು ಮುಚ್ಚಿ ಕೆಳಗೇ ಮಲಗಿ. ಟೈರ್ ಕೂಡ ನೋಡಿಕೊಳ್ಳಿ, ಜರ್ಮನಿಯಲ್ಲಿ ಈಗ ಬರೀ ಎಂ+ಎಸ್ (ಕೆಸರು, ಹಿಮ) ಗುರುತು ಸಾಲದು, ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇರಬೇಕು.

ಪ್ರಶ್ನೆ: ಇಲ್ಲೊಬ್ಬರು 1974ರ ವಿನ್ನೆಬೇಗೋ ಮೋಟಾರ್‌ಹೋಮ್ ಮಾರುತ್ತಿದ್ದಾರೆ. ಚಳಿಗಾಲ ಅಂತ ರೇಟು ಇಳಿಸಿದ್ದಾರೆ. ಈಗಲೇ ತಗೊಳ್ಳಲಾ? — ಅಯೋವಾ ಓದುಗರು

ಉತ್ತರ: ರೇಟು ಇಳಿಯುವುದು ನಿಜ. ಆದರೆ ಹೆಪ್ಪುಗಟ್ಟುವ ಚಳಿಯಲ್ಲಿ ನೀರು ತುಂಬಿ ಪರೀಕ್ಷೆ ಮಾಡಲಾಗದು, ಸೋರುವ ಚಾವಣಿಯೂ ಸೋರುವುದಿಲ್ಲ. ನೆಲದ ಮೂಲೆಗಳನ್ನು ಕಾಲಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಒಳಗೆ ಮರ ಕೊಳೆತಿದೆ. ಫ್ರಿಜ್ ಹಿಂದೆ ಹಳದಿ ಪುಡಿ, ಅಮೋನಿಯಾ ವಾಸನೆ ಇದ್ದರೆ ಅದರ ಕಥೆ ಮುಗಿದಿದೆ. ಟೈರ್ ಮೇಲಿನ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ, ವರ್ಷ ಇರುತ್ತವೆ. ಹತ್ತು ವರ್ಷ ದಾಟಿದ್ದರೆ ಹೊಸ ಟೈರ್‌ಗಳ ಖರ್ಚನ್ನೂ ರೇಟಿನಲ್ಲಿ ಕಳೆಯಿರಿ. ಪೈಪುಗಳಿಗೆ ನೀರಿನ ಬದಲು ಕಂಪ್ರೆಸರ್ ಗಾಳಿ ತುಂಬಿಸಿ ಒತ್ತಡದ ಮೀಟರ್ ಇಳಿಯುತ್ತದೆಯಾ ನೋಡೋಣ ಅಂತ ಕೇಳಿ. ಅದಕ್ಕೆ ಒಪ್ಪದಿದ್ದರೆ ಏಪ್ರಿಲ್‌ವರೆಗೆ ಕಾಯಿರಿ.