ಅಪ್ಪ ಎ, ಅಮ್ಮ ಬಿ, ಮಗ ಓ ನೆಗೆಟಿವ್!

ಪತ್ರ: ನನ್ನದು ಎ ಪಾಸಿಟಿವ್, ಹೆಂಡತಿಯದು ಬಿ ಪಾಸಿಟಿವ್. ಶಾಲೆಯ ಐಡಿ ಕಾರ್ಡಿಗೆ ಅಂತ ಮಗನ ರಕ್ತ ಪರೀಕ್ಷೆ ಮಾಡಿಸಿದರೆ ಓ ನೆಗೆಟಿವ್ ಬಂತು. ನನ್ನ ಅಮ್ಮನದು ಓ ಪಾಸಿಟಿವ್. ಅಕ್ಕನದೂ ನನ್ನ ಹಾಗೇ ಎ. ಯುಗಾದಿಗೆ ಬಂದವಳು ‘ಆಸ್ಪತ್ರೆಯಲ್ಲೇ ಮಗು ಅದಲುಬದಲಾಗಿರಬೇಕು’ ಅಂದುಬಿಟ್ಟಳು. ಅವತ್ತಿನಿಂದ ಮನೇಲಿ ಮಾತುಕತೆ ಇಲ್ಲ. — ಒಬ್ಬ ಓದುಗ, ಹಾಸನ

ಉತ್ತರ: ಮೊದಲು ಹೆಂಡತಿಯ ಹತ್ತಿರ ಮಾತಾಡಿ, ಆಮೇಲೆ ಇದನ್ನು ಓದಿ. ಈ ರಿಪೋರ್ಟಿನಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ.

ಪ್ರತಿಯೊಬ್ಬರ ಹತ್ತಿರ ಎರಡು ಚೀಟಿ ಇವೆ ಅಂದುಕೊಳ್ಳಿ, ಅಪ್ಪ ಕೊಟ್ಟದ್ದೊಂದು, ಅಮ್ಮ ಕೊಟ್ಟದ್ದೊಂದು. ಚೀಟಿಯ ಮೇಲೆ ಎ ಇರಬಹುದು, ಬಿ ಇರಬಹುದು, ಇಲ್ಲಾ ಖಾಲಿ ಇರಬಹುದು. ಎ ಜೊತೆ ಖಾಲಿ ಚೀಟಿ ಇದ್ದರೂ ಪರೀಕ್ಷೆಯಲ್ಲಿ ಕಾಣೋದು ಎ ಮಾತ್ರ. ಎರಡೂ ಖಾಲಿ ಇದ್ದವರೇ ಓ. ಮಗುವಿಗೆ ನೀವು ಕೊಡೋದು ಎರಡರಲ್ಲಿ ಒಂದನ್ನು. ನೀವೂ ಖಾಲಿ ಕೊಟ್ಟಿದ್ದೀರಿ, ಅವರೂ ಖಾಲಿ ಕೊಟ್ಟಿದ್ದಾರೆ, ಅಷ್ಟೇ. ಗುಂಪುಗಳನ್ನು ಲ್ಯಾಂಡ್‌ಸ್ಟೈನರ್ 1901ರಲ್ಲೇ ವಿವರಿಸಿದ್ದರೂ ಈ ಚೀಟಿ ಲೆಕ್ಕ ಸರಿಯಾಗಿ ಬಿಡಿಸಿದ್ದು 1924ರಲ್ಲಿ, ಬರ್ನ್‌ಸ್ಟೈನ್ ಅನ್ನುವ ಗಣಿತದ ಮನುಷ್ಯ!

ನೆಗೆಟಿವ್ ಕಥೆಯೂ ಹೀಗೇ. ಪಾಸಿಟಿವ್ ಆದವರ ಹತ್ತಿರ ಒಂದು ನೆಗೆಟಿವ್ ಚೀಟಿ ಅಡಗಿ ಕೂತಿರಬಹುದು. ನಿಮ್ಮಂಥ ಜೋಡಿಗೆ ಓ ಮಗು ಆಗೋ ಸಾಧ್ಯತೆ ನಾಲ್ಕರಲ್ಲಿ ಒಂದು, ನೆಗೆಟಿವ್ ಆಗೋದು ನಾಲ್ಕರಲ್ಲಿ ಒಂದು, ಎರಡೂ ಒಟ್ಟಿಗೆ ಬರೋದು 16ರಲ್ಲಿ ಒಂದು. ಅಪರೂಪವೇನೂ ಅಲ್ಲ, ಅಲ್ವಾ? ಹಾಗಂತ ಇವನು ನಿಮ್ಮ ಮಗನೇ ಅಂತ ರಕ್ತದ ಗುಂಪು ಸಾಬೀತು ಮಾಡುವುದಿಲ್ಲ. ಅಲ್ಲ ಅನ್ನೋದಕ್ಕಂತೂ ಇದರಲ್ಲಿ ಕಾರಣವೇ ಇಲ್ಲ.

ನಿಜವಾಗಿ ತಲೆ ಕೆಡಿಸೋದು ಬಾಂಬೆ ಗುಂಪು. 1952ರಲ್ಲಿ ಮುಂಬೈಯಲ್ಲಿ ಭೆಂಡೆ ಮತ್ತು ಸಂಗಡಿಗರು ಗುರುತಿಸಿದ್ದು. ನಮ್ಮ ದೇಶದಲ್ಲಿ ಸುಮಾರು 10,000ಕ್ಕೆ ಒಬ್ಬರು ಅನ್ನುತ್ತಾರೆ. ಎ, ಬಿ ಎರಡೂ ಕೂರಲು ಎಚ್ ಅನ್ನುವ ಮಣೆ ಬೇಕು. ಇವರಲ್ಲಿ ಮಣೆಯೇ ಇಲ್ಲ, ಹಾಗಾಗಿ ಚೀಟಿಯಲ್ಲಿ ಎ ಇದ್ದರೂ ಸಾಮಾನ್ಯ ಪರೀಕ್ಷೆಯಲ್ಲಿ ಓ ಅಂತಲೇ ಕಾಣುತ್ತದೆ, ಆದರೆ ಓ ರಕ್ತ ಕೊಟ್ಟರೆ ಮೈಗೆ ಒಗ್ಗುವುದಿಲ್ಲ, ಜೀವಕ್ಕೇ ಅಪಾಯ. ಸೋದರಮಾವನಿಗೆ, ಅತ್ತೆಮಗನಿಗೆ ಕೊಟ್ಟು ತರುವ ಮನೆಗಳಲ್ಲಿ ಇಂಥ ಅಡಗಿದ ಚೀಟಿಗಳು ಜೋಡಿಯಾಗೋದು ಜಾಸ್ತಿ. ನಿಮ್ಮ ಮಗನ ಓ ಅರ್ಥ ಮಾಡಿಕೊಳ್ಳಲು ಅಷ್ಟು ದೂರ ಹೋಗಬೇಕಾಗಿಲ್ಲ.

ಒಂದು ಕೆಲಸ ಮಾತ್ರ ಮಾಡಿ. ಬ್ಲಡ್ ಬ್ಯಾಂಕಿನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಬರೆದಿಟ್ಟುಕೊಳ್ಳಿ. ಶಾಲೆಯ ಕಾರ್ಡನ್ನೇ ನಂಬಿ ಕೂರಬೇಡಿ. ಓ ನೆಗೆಟಿವ್ ಆದವನಿಗೆ ಓ ನೆಗೆಟಿವ್ ರಕ್ತವೇ ಬೇಕು, ಅದು ಸುಮ್ನೆ ಸಿಗೋದಲ್ಲ.

ಇನ್ನು ನಿಮ್ಮ ಅಕ್ಕ. ನಿಮ್ಮ ಅಮ್ಮ ಓ, ಅಂದರೆ ಅವರ ಹತ್ತಿರ ಇದ್ದದ್ದೇ ಎರಡು ಖಾಲಿ ಚೀಟಿ. ಅದರಲ್ಲೊಂದು ನಿಮಗೆ ಬಂದು, ನಿಮ್ಮಿಂದ ಮಗನಿಗೆ ಹೋಗಿದೆ. ಇನ್ನೊಂದು ಸಲ ಯುಗಾದಿಗೆ ಬಂದಾಗ ಅಕ್ಕನಿಗೆ ಹೇಳಿ, ಅಂಥದ್ದೇ ಒಂದು ಖಾಲಿ ಚೀಟಿ ಅವರ ಹತ್ತಿರವೂ ಇದೆ, ಅದೇ ಅಮ್ಮ ಕೊಟ್ಟದ್ದು.